ಮಂಡ್ಯದ ಮಗು ಮ್ಯೂನಿಕ್‌ಗೆ ಹೊರಟಾಗ

ಮಂಡ್ಯದಿಂದ ಎರಡು ವರ್ಷದ ಮಗಳನ್ನು ದತ್ತು ಪಡೆದು ಮ್ಯೂನಿಕ್‌ಗೆ ಕರೆದೊಯ್ದೆವು. ನೀವೂ ಹೊರಟಿದ್ದರೆ, ಮೊದಲು ಮಗುವನ್ನು ಸಾಕಿದ ಆಯಾ ಬಳಿ ಕುಳಿತು ಅದರ ಮಾತುಗಳನ್ನು ಬರೆದುಕೊಳ್ಳಿ. ಮೈಸೂರಿನ ನಮ್ಮ ಮನೆಯಲ್ಲಿ ಅನ್ನಕ್ಕೆ ‘ಮಮ್ಮು’ ಎನ್ನುತ್ತಿದ್ದೆವು, ಅವಳದು ‘ಬುವ್ವ’. ಆ ಒಂದು ಪದ ತಿಳಿಯದೆ ಒಂದು ಸಂಜೆಯಿಡೀ ಅವಳನ್ನು ಅಳುವಂತೆ ಮಾಡಿದೆ. ಇಂದಿಗೂ ಮನಸ್ಸು ಚುರುಕ್ ಎನ್ನುತ್ತದೆ.

ಮಗು ಹೊದ್ದು ಮಲಗುತ್ತಿದ್ದ ಬಟ್ಟೆಯನ್ನು ಕೇಳಿ ತನ್ನಿ, ಒಗೆಯಬೇಡಿ. ನಡುರಾತ್ರಿ ಬೆಚ್ಚಿ ಎದ್ದವಳು ಆ ಹಳೆಯ ಹತ್ತಿ ಸೀರೆಯ ತುದಿಯನ್ನು ಹೆಬ್ಬೆರಳಿಗೆ ಸುತ್ತಿ, ಮೂಗಿಗೆ ಒತ್ತಿಕೊಂಡ ಮೇಲೆಯೇ ಉಸಿರು ತಹಬಂದಿಗೆ ಬರುತ್ತಿತ್ತು.

ಬೇಸಿಗೆಯಲ್ಲಿ ಸಮಯದ ಅಂತರ ಮೂರೂವರೆ ಗಂಟೆ. ನಸುಕಿನ 3ಕ್ಕೇ ಎಚ್ಚರವಾದರೆ ಗದರದೆ, ಮಬ್ಬು ಬೆಳಕಿನಲ್ಲಿ ಜೊತೆಗೆ ಕೂರಿ. ರಾಗಿ ಹಿಟ್ಟು ಒಯ್ಯಿರಿ. ತುಪ್ಪ ಬೇಡ, ಹಾಲಿನ ಪದಾರ್ಥಗಳನ್ನು ಐರೋಪ್ಯ ಒಕ್ಕೂಟದೊಳಗೆ ಬಿಡುವುದಿಲ್ಲ. ಮೊದಲ ಕೆಲವು ವಾರ ಉಣಿಸುವುದು, ಎತ್ತಿಕೊಳ್ಳುವುದು, ಮಲಗಿಸುವುದು ತಂದೆತಾಯಿ ಮಾತ್ರ. ನೆಂಟರಿಗೆ ಬೇಸರವಾದೀತು, ಆಗಲಿ. ಯಾರು ತನ್ನವರೆಂದು ಮಗುವಿಗೆ ಮೊದಲು ತಿಳಿಯಬೇಕು.

ದತ್ತು ನಂತರ ಮಗು ಹೇಗಿದೆ ಎಂಬ ವರದಿ ಭಾರತದ ದತ್ತು ಪ್ರಾಧಿಕಾರಕ್ಕೆ ಮೊದಲ ವರ್ಷ ಮೂರು ತಿಂಗಳಿಗೊಮ್ಮೆ, ಎರಡನೆಯ ವರ್ಷ ಆರು ತಿಂಗಳಿಗೊಮ್ಮೆ ಹೋಗಬೇಕು. ದಿನಾಂಕಗಳನ್ನು ಈಗಲೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ.