ಅರಸೀಕೆರೆಯ ಮನೆಯಲ್ಲಿ ಎರಡು ಬಗೆಯ ನೀರು

ಸಕಲೇಶಪುರದಿಂದ ತಂಗಿ ಬಂದಾಗಲೆಲ್ಲ, ನಮ್ಮ ನೀರಿನಲ್ಲಿ ತಲೆಗೆ ಸ್ನಾನ ಮಾಡಿದರೆ ಕೂದಲು ತೆಂಗಿನ ನಾರಾಗುತ್ತದೆ ಎಂದು ದೂರುತ್ತಿದ್ದಳು. ಜಿಲ್ಲೆ ಒಂದೇ ಆದರೂ ಅವಳದು ಮಲೆನಾಡಿನ ಮೆದು ನೀರು, ನಮ್ಮದು ಬಯಲುಸೀಮೆಯ ಕೊಳವೆಬಾವಿಯ ಗಡಸು ನೀರು. ಸೋಪು ನೊರೆ ಬಿಡುತ್ತಿರಲಿಲ್ಲ, ತೊಗರಿಬೇಳೆ ಎಷ್ಟು ಸೀಟಿ ಕೂಗಿಸಿದರೂ ಕರಗುತ್ತಿರಲಿಲ್ಲ, ಗೀಸರ್‌ನ ಕಾಯಿಲ್ ಸುಣ್ಣ ಕಟ್ಟಿ ಎರಡು ಬಾರಿ ಸುಟ್ಟುಹೋಗಿತ್ತು.

ಮೊದಲು ಬಂದ ಮಾರಾಟಗಾರನೊಬ್ಬ ಟಿಡಿಎಸ್ ಪೆನ್ನನ್ನು ನೀರಿಗೆ ಅದ್ದಿ, ಅದರಲ್ಲಿ ಕಂಡ ಅಂಕಿಯನ್ನೇ ಗಡಸುತನವೆಂದು ಹೇಳಿದ. ಅದು ತಪ್ಪು. ಟಿಡಿಎಸ್ ಎಂದರೆ ನೀರಿನಲ್ಲಿ ಕರಗಿರುವ ಎಲ್ಲ ಲವಣಗಳ ಮೊತ್ತ. ಗಡಸುತನವೆಂದರೆ ಮುಖ್ಯವಾಗಿ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಮಾತ್ರ. ಪ್ರಯೋಗಾಲಯದಲ್ಲಿ ಪರೀಕ್ಷಿಸಿದಾಗ ನಮ್ಮ ನೀರಿನ ಗಡಸುತನ ಲೀಟರಿಗೆ 520 ಮಿಲಿಗ್ರಾಂ ಎಂದು ತಿಳಿಯಿತು. ಕುಡಿಯುವ ನೀರಿಗೆ ಭಾರತೀಯ ಮಾನಕವು ಹೇಳುವ ಮಿತಿ 200. ಬೇರೆ ಮೂಲವಿಲ್ಲದಿದ್ದರೆ 600ರವರೆಗೆ ಒಪ್ಪಬಹುದು. ಅದೇ ಪರೀಕ್ಷೆಯಲ್ಲಿ ಫ್ಲೋರೈಡ್ ಮಿತಿಯೊಳಗಿದೆ ಎಂಬುದನ್ನೂ ಖಚಿತಪಡಿಸಿಕೊಂಡೆ, ಏಕೆಂದರೆ ಮೆದುಗೊಳಿಸುವ ಯಂತ್ರ ಅದನ್ನು ತೆಗೆಯುವುದಿಲ್ಲ.

ಇಡೀ ಮನೆಯ ನೀರನ್ನು ಮೆದು ಮಾಡುವ ಆಸೆ ನನಗಿತ್ತು. ಆದರೆ ಯಂತ್ರದೊಳಗಿನ ರಾಳ, ಅಂದರೆ ರೆಸಿನ್ ಎಂಬ ಸಣ್ಣ ಮಣಿಗಳು, ಕ್ಯಾಲ್ಸಿಯಂ ಅನ್ನು ಹಿಡಿದುಕೊಂಡು ಅದರ ಬದಲಿಗೆ ಸೋಡಿಯಂ ಅನ್ನು ಬಿಡುತ್ತದೆ. ನಮ್ಮ ನೀರಿನ ಮಟ್ಟಿಗೆ ಅದು ಲೀಟರಿಗೆ ಸುಮಾರು 240 ಮಿಲಿಗ್ರಾಂ. ರಕ್ತದೊತ್ತಡವಿರುವ ಅಮ್ಮನಿಗೆ ಆ ನೀರನ್ನು ಕುಡಿಸಲು ಮನಸ್ಸು ಒಪ್ಪಲಿಲ್ಲ. ಹಾಗಾಗಿ ಪ್ಲಂಬರನಿಂದ ತೊಟ್ಟಿಯ ಕೊಳವೆಯನ್ನೇ ಎರಡಾಗಿ ಕವಲೊಡೆಸಿ, ಬಚ್ಚಲು, ಗೀಸರ್ ಮತ್ತು ಬಟ್ಟೆ ಒಗೆಯುವ ಯಂತ್ರಕ್ಕೆ ಮಾತ್ರ ಮೆದು ನೀರು ಕೊಟ್ಟು, ಅಡುಗೆಮನೆ ಮತ್ತು ಕೈತೋಟಕ್ಕೆ ಹಳೆಯ ನೀರನ್ನೇ ಉಳಿಸಿದೆ.

25 ಲೀಟರ್ ರಾಳದ ನಮ್ಮ ಯಂತ್ರ ಎರಡು ಸಾವಿರ ಲೀಟರಿನಷ್ಟು ನೀರನ್ನು ಮೆದು ಮಾಡಿದ ಮೇಲೆ ದಣಿಯುತ್ತದೆ. ಆಗ ನಾಲ್ಕು ಕಿಲೋ ಉಪ್ಪಿನ ದ್ರಾವಣವನ್ನು ಹಾಯಿಸಿ ಅದಕ್ಕೆ ಮತ್ತೆ ಜೀವ ಕೊಡಬೇಕು. ನಮ್ಮಲ್ಲಿ ಅದು ಐದು ದಿನಕ್ಕೊಮ್ಮೆ ಬರುವ ಕೆಲಸ. ಆರಂಭದಲ್ಲಿ ಹೊರಬಂದ ಉಪ್ಪುನೀರನ್ನು ದಡ್ಡತನದಿಂದ ಕರಿಬೇವಿನ ಬುಡಕ್ಕೆ ಹರಿಯಬಿಟ್ಟೆ. ಎಲೆಗಳ ಅಂಚು ಸುಟ್ಟಂತಾಗಿ, ಗಿಡ ಚೇತರಿಸಿಕೊಳ್ಳಲೇ ಇಲ್ಲ. ಈಗ ಅದು ಚರಂಡಿಗೆ ಹೋಗುತ್ತದೆ, ಆ ಬಗ್ಗೆ ನನಗೆ ಸಮಾಧಾನವಿಲ್ಲ. ಇನ್ನೊಂದು ಮಾತು: ಯಂತ್ರ ಬಂದ ಮೇಲೂ ಟಿಡಿಎಸ್ ಇಳಿಯದಿದ್ದುದನ್ನು ಕಂಡು ಮೋಸಹೋದೆನೆಂದುಕೊಂಡಿದ್ದೆ, ಲವಣ ಬದಲಾಗುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ ಎಂಬುದು ಆಮೇಲೆ ಅರ್ಥವಾಯಿತು.

ಕುಡಿಯುವ ನೀರನ್ನು ಚೆನ್ನಾಗಿ ಕುದಿಸಿ, ರಾತ್ರಿಯಿಡೀ ತಣಿಯಲು ಬಿಟ್ಟು, ತಳದ ಬಿಳಿ ಪುಡಿ ಕದಡದಂತೆ ಬಗ್ಗಿಸಿಕೊಳ್ಳುತ್ತೇವೆ. ಬೈಕಾರ್ಬೊನೇಟಿನಿಂದ ಬಂದ ಗಡಸುತನ ಇದರಿಂದ ಕಡಿಮೆಯಾಗುತ್ತದೆ. ಸಲ್ಫೇಟು, ಕ್ಲೋರೈಡುಗಳದ್ದು ಹಾಗೆಯೇ ಉಳಿಯುತ್ತದೆ. ಬೇಳೆಗೆ ಮಾತ್ರ ಮಳೆನೀರು. ನೂರು ಚದರ ಮೀಟರಿನ ತಾರಸಿಯ ಮೇಲೆ ಹತ್ತು ಮಿಲಿಮೀಟರ್ ಮಳೆ ಸುರಿದರೆ ಸಾವಿರ ಲೀಟರ್ ಬೀಳುತ್ತದೆ. ಮೊದಲ ಹನಿಗಳನ್ನು ಹೊರಬಿಟ್ಟು ಉಳಿದುದನ್ನು ಡ್ರಮ್ಮಿನಲ್ಲಿ ಹಿಡಿದಿಡುತ್ತೇವೆ. ಅದರಲ್ಲಿ ಬೇಯಿಸಿದ ಬೇಳೆ ಮೂರು ಸೀಟಿಗೆ ಬೆಣ್ಣೆಯಂತಾಗುತ್ತದೆ.