ಸ್ಪ್ಯಾಮನ್ನು ಹೊಸ್ತಿಲಲ್ಲೇ ತಡೆಯಿರಿ

ಮೇಲ್ ಸರ್ವರ್ ನೋಡಿಕೊಳ್ಳಲು ಶುರುಮಾಡಿದ ಹೊಸದರಲ್ಲಿ, ಬಂದದ್ದನ್ನೆಲ್ಲ ಒಳಗೆ ಬಿಟ್ಟುಕೊಂಡು ಆಮೇಲೆ ಜರಡಿ ಹಿಡಿಯುತ್ತಿದ್ದೆ. ಬೇಡದ್ದನ್ನು ಕಳಿಸಿದವರಿಗೇ ವಾಪಸ್ ಮಾಡುತ್ತಿದ್ದೆ. ಸ್ಪ್ಯಾಮ್‌ನಲ್ಲಿ ಕಳಿಸಿದವರ ವಿಳಾಸ ಸಾಮಾನ್ಯವಾಗಿ ಕದ್ದದ್ದು ಅನ್ನುವುದು ಹೊಳೆದೇ ಇರಲಿಲ್ಲ. ಸಂಬಂಧವೇ ಇಲ್ಲದವರ ಇನ್‌ಬಾಕ್ಸ್‌ಗೆ ನನ್ನ ಬೌನ್ಸ್‌ಗಳು, ಅಂದರೆ ವಾಪಸ್ ಮಾಡಿದ ಮೇಲ್‌ಗಳು, ಸುರಿದು, ಕೊನೆಗೆ ನಮ್ಮ ಸರ್ವರೇ ಸ್ಪ್ಯಾಮ್ ಕಳಿಸುವವರ ಬ್ಲಾಕ್‌ಲಿಸ್ಟ್ ಸೇರಿತು.

ಹಾಗಾಗಿ ಮೊದಲು ಬದಲಿಸಬೇಕಾದದ್ದು ಇದನ್ನೇ. ಬೇಡ ಅನ್ನುವುದಿದ್ದರೆ ಎಸ್‌ಎಂಟಿಪಿ (ಸರ್ವರ್‌ಗಳು ಮೇಲ್ ಹಸ್ತಾಂತರಿಸುವ ಪದ್ಧತಿ) ಮಾತುಕತೆ ಮುಗಿಯುವುದರೊಳಗೆ ಹೇಳಿಬಿಡಿ. ಇಲ್ಲದ ವಿಳಾಸ ಕೇಳಿದರೆ ಅಲ್ಲೇ 550, ಅಂದರೆ ‘ಸ್ವೀಕರಿಸುವುದಿಲ್ಲ’ ಅನ್ನುವ ಸಂಕೇತ ಕೊಡಿ. ಯಾರಾದರೂ ಕೈತಪ್ಪಿ ವಿಳಾಸ ತಪ್ಪು ಬರೆದಿದ್ದರೆ ಅವರಿಗೆ ಅವರ ಸರ್ವರೇ ತಿಳಿಸುತ್ತದೆ.

ಆಮೇಲೆ ಕಾಯಿಸಿ. ಸಂಪರ್ಕವಾದೊಡನೆ ನಮ್ಮ ಸರ್ವರ್ ಹೇಳುವ ಸ್ವಾಗತದ ಸಾಲು ಮುಗಿಯುವ ತನಕ ಎದುರಿನವರು ಬಾಯಿಬಿಡಬಾರದು ಅನ್ನುವುದು ನಿಯಮ. ಪೋಸ್ಟ್‌ಫಿಕ್ಸ್ ಎಂಬ ಮೇಲ್ ಸರ್ವರ್ ತಂತ್ರಾಂಶದ ಕಾವಲು ಭಾಗ ಪೋಸ್ಟ್‌ಸ್ಕ್ರೀನ್ ಅರ್ಧ ಸ್ವಾಗತ ಹೇಳಿ 6 ಸೆಕೆಂಡ್ ತಡೆಯುತ್ತದೆ; ಅವಸರದ ಬಾಟ್‌ಗಳು (ಸ್ಪ್ಯಾಮ್ ಕಳಿಸುವ ಸ್ವಯಂಚಾಲಿತ ಪ್ರೋಗ್ರಾಂಗಳು) ನಡುವೆ ಬಾಯಿ ಹಾಕಿ ಸಿಕ್ಕಿಬೀಳುತ್ತವೆ. ಒಂದು ಎಚ್ಚರ: ಹೀಗೆ ಸಿಕ್ಕಿಬಿದ್ದವರನ್ನು ಏನು ಮಾಡಬೇಕೆಂದು ಹೇಳುವ ಅದರ ಗ್ರೀಟ್ ಆಕ್ಷನ್ ಸೆಟ್ಟಿಂಗ್ ಮೊದಲಿಗೆ ‘ಇಗ್ನೋರ್’ ಆಗಿರುತ್ತದೆ. ‘ಎನ್‌ಫೋರ್ಸ್’ ಮಾಡದಿದ್ದರೆ ಲಾಗ್ ಬರೆದು ಸುಮ್ಮನಾಗುತ್ತದೆ, ಅಷ್ಟೇ.

ಗ್ರೇಲಿಸ್ಟಿಂಗ್ ನನಗೆ ಇಷ್ಟ, ಆದರೆ ಅದು ಎರಡಲಗಿನ ಕತ್ತಿ. ಎದುರಿನ ಸರ್ವರ್‌ನ ಐಪಿ ವಿಳಾಸ, ಕಳಿಸುವವರು, ಪಡೆಯುವವರು ಈ ಮೂರೂ ಒಟ್ಟಿಗೆ ಮೊದಲ ಸಲ ಕಂಡರೆ 450 (ತಾತ್ಕಾಲಿಕ ನಿರಾಕರಣೆಯ ಸಂಕೇತ) ಕೊಟ್ಟು ‘ಆಮೇಲೆ ಬಾ’ ಅನ್ನುವುದು. ನೆಟ್ಟಗಿರುವ ಸರ್ವರ್ ಮೇಲನ್ನು ಸರದಿಯಲ್ಲಿಟ್ಟು ಮತ್ತೆ ಬರುತ್ತದೆ. ಮಾನಕದ ಪ್ರಕಾರ ಕನಿಷ್ಠ 30 ನಿಮಿಷ ಬಿಟ್ಟು, 4–5 ದಿನ ಪ್ರಯತ್ನಿಸಬೇಕು. ಬಾಡಿಗೆ ಬಾಟ್‌ಗೆ ಅಷ್ಟು ವ್ಯವಧಾನ ಎಲ್ಲಿ? ನಾನು ಇದನ್ನು ಎಲ್ಲರಿಗೂ ಹಾಕಿದೆ. ಮರುದಿನವೇ ದೂರು: ಒಟಿಪಿ ಬರುವಷ್ಟರಲ್ಲಿ ಅದರ ಅವಧಿ ಮುಗಿದಿತ್ತು. ಜೊತೆಗೆ, ದೊಡ್ಡ ಸೇವೆಗಳು ಎರಡನೇ ಸಲ ಬೇರೆ ಐಪಿಯಿಂದ ಬರುತ್ತವೆ, ಅವುಗಳ ಪಾಲಿಗೆ ಪ್ರತಿಸಲವೂ ಮೊದಲ ಸಲವೇ. ಅದಕ್ಕೇ ಐಪಿಯ ಮೊದಲ ಮೂರು ಭಾಗ ಮಾತ್ರ ಹೋಲಿಸಿ. ಕಾಯಿಸುವುದನ್ನೂ ರಿವರ್ಸ್ ಡಿಎನ್‌ಎಸ್ (ಐಪಿಯಿಂದ ಸರ್ವರ್‌ನ ಹೆಸರು ತಿಳಿಸುವ ದಾಖಲೆ) ಇಲ್ಲದಂಥ ಅನುಮಾನದ ಸರ್ವರ್‌ಗಳಿಗಷ್ಟೇ ಇಡಿ.

ಕಳಿಸಿದವರು ಅಸಲಿಯೇ ಎಂದು ಪರೀಕ್ಷಿಸುವ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಬಗ್ಗೆ ಎಲ್ಲರೂ ಹೇಳುತ್ತಾರೆ, ನಾನು ಉದ್ದ ಮಾಡುವುದಿಲ್ಲ. ಎಸ್‌ಪಿಎಫ್‌ಗೆ 10 ಡಿಎನ್‌ಎಸ್ ಹುಡುಕಾಟದ ಮಿತಿ ಇದೆ, ಎಣಿಸಿಕೊಳ್ಳಿ. ಡಿಮಾರ್ಕನ್ನು ‘ನನ್’ನಿಂದ (ಏನೂ ಕ್ರಮವಿಲ್ಲ) ಶುರುಮಾಡಿ, ಕೆಲವು ವಾರ ವರದಿ ಓದಿ, ಆಮೇಲೆ ‘ಕ್ವಾರಂಟೈನ್’ (ಅನುಮಾನದ ಮೇಲ್ ಬೇರೆ ಇಡುವುದು), ಕೊನೆಗೆ ‘ರಿಜೆಕ್ಟ್’ (ನಿರಾಕರಿಸುವುದು).

ಹೊರಹೋಗುವ ಮೇಲನ್ನೂ ಮರೆಯಬೇಡಿ. ನಮ್ಮವರದೇ ಒಂದು ಪಾಸ್‌ವರ್ಡ್ ಕಳುವಾದರೆ ರಾತ್ರಿ ಬೆಳಗಾಗುವುದರೊಳಗೆ ನಾವೇ ಸ್ಪ್ಯಾಮರ್. ಪ್ರತಿ ಖಾತೆಗೂ ಗಂಟೆಗೆ ಇಷ್ಟೇ ಎಂದು ಮಿತಿ ಹಾಕಿ. ಮೀರಿದರೆ ಮೇಲ್ ಅಳಿಸದೆ ತಡೆಹಿಡಿದು, ನಿಮಗೊಂದು ಎಚ್ಚರಿಕೆ ಬರುವಂತೆ ಮಾಡಿ.