ಆರಡಿ ಟ್ಯಾಂಕಿನಲ್ಲಿ ಅರೋವಾನಾಕ್ಕೆ ಜೊತೆ ಸಿಕ್ಕಿದ ಬಗೆ

ಉಡುಪಿಯ ನಮ್ಮ ಮನೆಯ ಚಾವಡಿಯಲ್ಲಿರುವ ಮೀನಿನ ಟ್ಯಾಂಕಿನಲ್ಲಿ ಒಂದು ಸಿಲ್ವರ್ ಅರೋವಾನಾ (ಸಿಕ್ಕಿದ್ದನ್ನು ನುಂಗುವ ಉದ್ದನೆಯ ಬೇಟೆಮೀನು), ಒಂದು ಆಸ್ಕರ್, ನಾಣ್ಯದಂತೆ ದುಂಡಗಿನ ಏಳು ಸಿಲ್ವರ್ ಡಾಲರ್ ಮತ್ತು ಎರಡು ಸೆನೆಗಲ್ ಬಿಚಿರ್ ಒಟ್ಟಿಗೆ ಬದುಕತೊಡಗಿ ಹದಿನೇಳು ತಿಂಗಳಾದವು. ಎರಡು ಮಳೆಗಾಲ ಕಳೆದರೂ ಒಂದು ಮೀನೂ ಕಡಿಮೆಯಾಗಿಲ್ಲ. ಟ್ಯಾಂಕ್ ಆರಡಿ ಉದ್ದ, ಎರಡೂವರೆ ಅಡಿ ಅಗಲ, ಎರಡೂವರೆ ಅಡಿ ಎತ್ತರದ್ದು. ಸಾವಿರ ಲೀಟರಿನಷ್ಟು ನೀರು ಹಿಡಿಯುತ್ತದೆ. 12 ಎಂಎಂ ಗಾಜು, ಕಬ್ಬಿಣದ ಸ್ಟ್ಯಾಂಡ್, ಸಂಪ್ (ನೀರು ಸೋಸುವ ಪಕ್ಕದ ತೊಟ್ಟಿ) ಎಲ್ಲ ಸೇರಿ ನನಗೆ ಸುಮಾರು 45,000 ರೂಪಾಯಿ ಬಿದ್ದಿತ್ತು. ಜೊತೆ ಮೀನುಗಳ ವಿಷಯದಲ್ಲಿ ತಪ್ಪು ಮಾಡಿ ಕಳೆದುಕೊಂಡದ್ದೂ ಲೆಕ್ಕ ಹಾಕಿದರೆ ಹೆಚ್ಚುಕಡಿಮೆ ಅದರ ಅರ್ಧದಷ್ಟಾಗುತ್ತದೆ.

ನಾನು ಮೀನು ಕೊಳ್ಳುವ ಅಂಗಡಿಯವರು ಮೊದಲ ದಿನವೇ ಎಚ್ಚರಿಸಿದ್ದರು. "ಅರೋವಾನಾ ಒಂಟಿ ಮೀನು ಮಾಸ್ಟ್ರೇ, ಅದರ ಜೊತೆಗೆ ಎಂತ ಹಾಕಿದ್ರೂ ಅದಕ್ಕೆ ತಿಂಡಿಯೇ" ಎಂದಿದ್ದರು. ಮಂಗಳೂರಿನಲ್ಲಿ ಇಪ್ಪತ್ತು ವರ್ಷಗಳಿಂದ ದೊಡ್ಡ ಮೀನು ಸಾಕುತ್ತಿರುವ ಸ್ನೇಹಿತರೊಬ್ಬರು, "ಒಂದು ವರ್ಷ ಒಟ್ಟಿಗೆ ಉಳಿದ್ರೆ ಹೇಳಿ ಮಾರಾಯ್ರೆ, ನಾನೇ ಬಂದು ನೋಡ್ತೇನೆ" ಎಂದರು. ಅವರ ಮಾತಿಗೆ ಆಧಾರವಿರಲಿಲ್ಲವೆಂದು ನಾನು ಹೇಳುವುದಿಲ್ಲ, ಏಕೆಂದರೆ ಮೊದಲ ಒಂದೂವರೆ ವರ್ಷ ನನ್ನ ಟ್ಯಾಂಕಿನಲ್ಲಿ ನಡೆದದ್ದೆಲ್ಲ ಅವರ ಮಾತಿನಂತೆಯೇ ಇತ್ತು.

2021ರ ಕೊನೆಯಲ್ಲಿ ಐದಿಂಚಿನ ಅರೋವಾನಾ ಮರಿಯೊಂದನ್ನು ಮೂರಿಂಚಿನ ಎರಡು ಆಸ್ಕರ್ ಮರಿಗಳ ಜೊತೆಗೆ ಬಿಟ್ಟೆ. ಒಟ್ಟಿಗೆ ಬೆಳೆದರೆ ಹೊಂದಿಕೊಳ್ಳುತ್ತವೆ ಎಂಬ ಮಾತನ್ನು ನಂಬಿದ್ದೆ. ಎರಡು ವಾರದೊಳಗೆ ಆಸ್ಕರ್‌ಗಳು ಅರೋವಾನಾದ ಮೀಸೆಗಳನ್ನು ಬುಡದವರೆಗೂ ಕಚ್ಚಿ ತೆಗೆದಿದ್ದವು. ಮೀಸೆ ಮತ್ತೆ ಬಂತು, ಒಂದು ಮಾತ್ರ ಸೊಟ್ಟಗೆ ಬಂತು. ಆಸ್ಕರ್‌ಗಳಲ್ಲಿ ಒಂದನ್ನು ಅಂಗಡಿಗೆ ಹಿಂತಿರುಗಿಸಿದೆ, ಇನ್ನೊಂದು ಇಂದಿಗೂ ನನ್ನಲ್ಲಿದೆ.

ಪಾಚಿ ತಿನ್ನಲೆಂದು ತಂದ ಪ್ಲೆಕೊ ಎಂಬ ಮೀನು ಮಾಡಿದ ಹಾನಿ ಇದಕ್ಕಿಂತ ದೊಡ್ಡದು. ಬೆಳಿಗ್ಗೆ ಎದ್ದು ನೋಡಿದರೆ ಅರೋವಾನಾದ ಬದಿಯಲ್ಲಿ ಬಿಳಿ ಗೆರೆಗಳು ಕಾಣುತ್ತಿದ್ದವು, ಹುರುಪೆಗಳ ಅಂಚು ಎದ್ದು ನಿಂತಿರುತ್ತಿತ್ತು. ರೋಗವಿರಬೇಕೆಂದು ಉಪ್ಪು ಹಾಕಿದೆ, ಔಷಧಿಗೆ ಆರುನೂರು ರೂಪಾಯಿ ಖರ್ಚು ಮಾಡಿದೆ. ಒಂದು ರಾತ್ರಿ ಎರಡು ಗಂಟೆಗೆ ಟಾರ್ಚಿನ ಬಾಯಿಗೆ ಕೆಂಪು ಪ್ಲಾಸ್ಟಿಕ್ ಕಟ್ಟಿಕೊಂಡು ನೋಡಿದಾಗ ನಿಜ ತಿಳಿಯಿತು. ನಿದ್ರೆಯಲ್ಲಿ ಅಲುಗಾಡದೆ ನಿಂತಿದ್ದ ಅರೋವಾನಾದ ಮೈಗೆ ಪ್ಲೆಕೊ ಬಾಯಿ ಒತ್ತಿ ಹಿಡಿದು, ಗಾಜಿನ ಪಾಚಿಯನ್ನು ಕೆರೆಯುವ ರೀತಿಯಲ್ಲಿಯೇ ಲೋಳೆಯನ್ನು ಕೆರೆದು ತಿನ್ನುತ್ತಿತ್ತು. ಎಲ್ಲ ಪ್ಲೆಕೊಗಳೂ ಹೀಗೆ ಮಾಡುವುದಿಲ್ಲವಂತೆ. ಆದರೂ ಚಪ್ಪಟೆ ಮೈಯ ದೊಡ್ಡ ಮೀನು ಇರುವಲ್ಲಿ ನಾನು ಇನ್ನು ಪ್ಲೆಕೊ ಇಡುವುದಿಲ್ಲ.

ರೆಡ್‌ಟೇಲ್ ಕ್ಯಾಟ್‌ಫಿಶ್ ತಂದದ್ದು ನನ್ನ ಶುದ್ಧ ದುರಾಸೆ. ಮೂರಿಂಚಿನ ಮರಿ ಬಹಳ ಮುದ್ದಾಗಿತ್ತು. ಐದು ತಿಂಗಳಲ್ಲಿ ಒಂದಡಿ ದಾಟಿತು, ಆ ಹೊತ್ತಿಗೆ ಆಗ ಇದ್ದ ನಾಲ್ಕು ಟಿನ್‌ಫಾಯಿಲ್ ಬಾರ್ಬ್‌ಗಳಲ್ಲಿ ಮೂರನ್ನು ನುಂಗಿತ್ತು. ಒಂದು ಮೀಟರಿಗೂ ಮೀರಿ ಬೆಳೆಯುವ ಆ ಜಾತಿಗೆ ಮನೆಯ ಟ್ಯಾಂಕ್ ಸ್ಥಳವೇ ಅಲ್ಲ. ಯಾರೂ ಕೊಳ್ಳಲು ಮುಂದೆ ಬರಲಿಲ್ಲ. ಸ್ವರ್ಣಾ ನದಿಗೆ ಬಿಟ್ಟುಬಿಡಿ ಎಂದು ಸಲಹೆ ಕೊಟ್ಟವರಿದ್ದರು. ಆ ಮಾತು ಕೇಳಿ ನನಗೆ ನಿಜವಾಗಿ ಕೋಪ ಬಂತು. ಪ್ಲೆಕೊಗಳು ಕೇರಳದ ಹೊಳೆಗಳಲ್ಲಿ ತುಂಬಿಕೊಂಡದ್ದೂ, 2023ರಲ್ಲಿ ಶ್ರೀನಗರದ ದಾಲ್ ಸರೋವರದಲ್ಲಿ ಅಲಿಗೇಟರ್ ಗಾರ್ ಸಿಕ್ಕಿದ್ದೂ ಹೀಗೆ ಹೊರಗಿನ ಮೀನುಗಳು ನಮ್ಮ ನೀರನ್ನು ಸೇರಿದ್ದರಿಂದಲೇ. ಕೊನೆಗೆ ಕಾರ್ಕಳದ ಕಡೆ ದೊಡ್ಡ ಸಿಮೆಂಟ್ ತೊಟ್ಟಿ ಇರುವ ಪರಿಚಿತರೊಬ್ಬರು ಒಯ್ದರು. ಬಾಡಿಗೆ ಕಾರಿನ ಖರ್ಚು ನನ್ನದು.

2022ರ ಜುಲೈಯಲ್ಲಿ ಮೊದಲ ಅರೋವಾನಾ ಸತ್ತಿತು. ಆ ರಾತ್ರಿ ಗುಡುಗು ಮಳೆಗೆ ಕರೆಂಟ್ ಹೋಗಿ, ಬೆಳಗಿನ ಜಾವ ಬಂದಾಗ ಟ್ಯಾಂಕಿನ ದೀಪ ಒಮ್ಮೆಲೇ ಹತ್ತಿಕೊಂಡಿತು. ಮುಚ್ಚಳದ ಮೂಲೆಯಲ್ಲಿ ಪೈಪಿಗೆಂದು ಬಿಟ್ಟಿದ್ದ ಅಂಗೈ ಅಗಲದ ಸಂದಿಯಿಂದ ಅದು ಹೊರಕ್ಕೆ ಹಾರಿತ್ತು. ಅಮ್ಮ ಬಾಗಿಲು ತೆರೆಯಲು ಬಂದಾಗ ರೆಡ್ ಆಕ್ಸೈಡ್ ನೆಲದ ಮೇಲೆ ಒಣಗಿ ಬಿದ್ದಿತ್ತು. ನಾನು ಎರಡು ತಿಂಗಳು ಟ್ಯಾಂಕಿನ ಹತ್ತಿರ ಕುಳಿತುಕೊಳ್ಳಲಿಲ್ಲ.

ಸೆಪ್ಟೆಂಬರಿನಲ್ಲಿ ಎರಡನೆಯ ಮರಿಯನ್ನು ತಂದೆ. ಈ ಸಲ ಜೊತೆ ಮೀನಿನ ಹೆಸರಿನ ಪಟ್ಟಿ ನೋಡುವುದನ್ನು ಬಿಟ್ಟು, ಅರೋವಾನಾದ ಬಾಯಿಯನ್ನು ಅಳೆಯಲು ತೊಡಗಿದೆ. ಗಾಜಿನ ಒಳಬದಿಗೆ, ನೀರಿನ ಮೇಲ್ಮಟ್ಟದ ಹತ್ತಿರ ಮಕ್ಕಳ ಪ್ಲಾಸ್ಟಿಕ್ ಸ್ಕೇಲನ್ನು ಅಂಟಿಸಿ, ಅದರ ಪಕ್ಕದಲ್ಲಿಯೇ ಸಿಗಡಿ ಹಿಡಿದು ತಿನ್ನಿಸುತ್ತ ಮೊಬೈಲಿನಲ್ಲಿ ನಿಧಾನಗತಿಯ ವಿಡಿಯೊ ತೆಗೆದೆ. ಅದರ ಕೆಳದವಡೆ ಕೆಳಗಿಳಿದು ಬಾಯಿ ಪೂರ್ತಿ ತೆರೆದಾಗ ಮೇಲಿನಿಂದ ಕೆಳಗೆ ಎಷ್ಟು ಇಂಚು ಎಂಬುದು ಅದರಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಹದಿನಾರು ಇಂಚಿನ ಮೀನಿಗೆ ಎರಡು ಇಂಚು ಚಿಲ್ಲರೆ ಬಂತು. ಜೊತೆಗೆ ಬಿಡುವ ಮೀನು ಬೆನ್ನಿನಿಂದ ಹೊಟ್ಟೆಯವರೆಗೆ ಅದರ ಒಂದೂವರೆ ಪಟ್ಟಾದರೂ ಇರಬೇಕು ಎಂಬ ನಿಯಮವನ್ನು ಮಾಡಿಕೊಂಡೆ. ನಾವೆಲ್ಲರೂ ಉದ್ದ ನೋಡಿ ಕೊಳ್ಳುತ್ತೇವೆ, ಆದರೆ ನುಂಗುವವನಿಗೆ ಅಡ್ಡಬರುವುದು ಎತ್ತರ.

ಇದನ್ನು ಪರೀಕ್ಷಿಸಲು ಹೋಗಿ ಒಮ್ಮೆ ದುಃಖಪಟ್ಟೆ. ಹ್ಯಾಚರಿಯಲ್ಲಿ ಬೆಳೆಸಿದ ಆರು ಮಿಸ್ ಕೇರಳ ಮೀನುಗಳನ್ನು ತಂದು ಬಿಟ್ಟಿದ್ದೆ. ಅವು ನಮ್ಮ ಪಶ್ಚಿಮ ಘಟ್ಟದ್ದೇ ಮೀನುಗಳು, ಹರಿವ ನೀರಿನವು, ಬಾಣದಂತೆ ಓಡುತ್ತವೆ, ಅರೋವಾನಾಕ್ಕೆ ಸಿಗಲಾರವು ಎಂದು ಎಣಿಸಿದ್ದೆ. ಹಗಲಿನಲ್ಲಿ ಸಿಗಲಿಲ್ಲ, ನಿಜ. ರಾತ್ರಿಗೊಂದರಂತೆ ಒಂದು ವಾರದಲ್ಲಿ ಆರೂ ಹೋದವು. ವೇಗ ಬೆಳಕಿರುವಷ್ಟು ಹೊತ್ತು ಮಾತ್ರ ಕೆಲಸಕ್ಕೆ ಬರುತ್ತದೆ.

ಮುಳ್ಳಿರುವ ಮೀನನ್ನು ನುಂಗಲಾರದು ಎಂಬ ಇನ್ನೊಂದು ನಂಬಿಕೆಯೂ ಇದೆ. ನಾಲ್ಕಿಂಚಿನ ಪಿಕ್ಟಸ್ ಕ್ಯಾಟ್‌ಫಿಶ್ ಬಿಟ್ಟ ಮೂರನೆಯ ದಿನ ಆಸ್ಕರ್ ಬಾಯಿ ಮುಚ್ಚಲಾಗದೆ ಮೂಲೆಯಲ್ಲಿ ನಿಂತಿತ್ತು. ಕ್ಯಾಟ್‌ಫಿಶ್ ತನ್ನ ಎದೆಯ ಎರಡೂ ಮುಳ್ಳುಗಳನ್ನು ಬಿಡಿಸಿ ಬಿಗಿದುಕೊಂಡಿತ್ತು. ಬಾಲ ಮಾತ್ರ ಹೊರಗೆ ಕಾಣುತ್ತಿತ್ತು. ಒದ್ದೆ ಟವೆಲಿನಲ್ಲಿ ಆಸ್ಕರನ್ನು ಸುತ್ತಿ ಹಿಡಿಯುವ ಕೆಲಸವನ್ನು ಮಗ ಮಾಡಿದ. ನಾನು ಉದ್ದ ಮೂತಿಯ ಕಟ್ಟರಿನಿಂದ ಮುಳ್ಳುಗಳನ್ನು ಬುಡದಲ್ಲಿ ಕತ್ತರಿಸಿ, ಮೀನನ್ನು ಹಿಂದಕ್ಕೆ ಎಳೆಯದೆ ಪಕ್ಕಕ್ಕೆ ತಿರುಗಿಸಿ ತೆಗೆದೆ. ಆಸ್ಕರ್ ಹನ್ನೆರಡು ದಿನ ಏನೂ ತಿನ್ನಲಿಲ್ಲ, ಆಮೇಲೆ ಚೇತರಿಸಿಕೊಂಡಿತು. ಕ್ಯಾಟ್‌ಫಿಶ್ ಉಳಿಯಲಿಲ್ಲ.

2023ರ ಏಪ್ರಿಲಿನಲ್ಲಿ ಅರೋವಾನಾವನ್ನೂ ಆಸ್ಕರನ್ನೂ ಹಳೆಯ ನಾಲ್ಕಡಿ ಟ್ಯಾಂಕಿಗೆ ಬದಲಾಯಿಸಿದೆ; ಅಲ್ಲಿ ನಡುವೆ ಒಂದು ಜಾಲರಿ. ದೊಡ್ಡ ಟ್ಯಾಂಕಿಗೆ ಮೂರೂವರೆ ಇಂಚು ಎತ್ತರವಿದ್ದ ಏಳು ಸಿಲ್ವರ್ ಡಾಲರುಗಳನ್ನು ಬಿಟ್ಟೆ. ಸಣ್ಣವು ಅಗ್ಗಕ್ಕೆ ಸಿಗುತ್ತವೆ, ಬೆಳೆದವಕ್ಕೆ ಒಂದಕ್ಕೆ 350 ರೂಪಾಯಿ ಕೊಟ್ಟ ನೆನಪು. ಮೂರೋ ನಾಲ್ಕೋ ಇದ್ದರೆ ಅವು ಹೆದರಿ ಗಾಜಿಗೆ ಬಡಿದುಕೊಳ್ಳುತ್ತವೆ, ಆರರ ಮೇಲಿದ್ದರೆ ಗುಂಪು ಕಟ್ಟಿ ಧೈರ್ಯವಾಗಿ ತಿರುಗುತ್ತವೆ. ಇಪ್ಪತ್ತೈದು ದಿನ ಕಳೆದು ಟ್ಯಾಂಕ್ ಅವುಗಳದ್ದೇ ಆದ ಮೇಲೆ, ಮರದ ತುಂಡುಗಳ ಜಾಗವನ್ನೆಲ್ಲ ಬದಲಿಸಿ, ಸಂಜೆ ದೀಪ ಆರಿಸಿ, ಹೊಟ್ಟೆ ತುಂಬಿದ ಅರೋವಾನಾವನ್ನು ಬಿಟ್ಟೆ. ತನ್ನದೇ ಹಳೆಯ ಟ್ಯಾಂಕಿಗೆ ಅದು ಹೊಸಬನಂತೆ ಬಂತು. ಆಸ್ಕರ್ ಬಂದದ್ದು ಮತ್ತೆ ಹತ್ತು ದಿನದ ನಂತರ. ಬಿಡುವ ಹಿಂದಿನ ರಾತ್ರಿ ನಾನು ನೀರಿನಲ್ಲಿ ಮಾಡುವ ಒಂದು ಸಣ್ಣ ಕೆಲಸವಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ.

ಬಿಚಿರ್‌ಗಳು ನನ್ನ ಎತ್ತರದ ನಿಯಮಕ್ಕೆ ಒಳಪಡುವುದಿಲ್ಲ, ಏಕೆಂದರೆ ಅವು ಹಾವಿನಂತೆ ತೆಳ್ಳಗಿವೆ. ಆದರೆ ಅರೋವಾನಾದ ಕಣ್ಣು ಸದಾ ಮೇಲ್ಮಟ್ಟದ ಮೇಲೆ, ಬಿಚಿರ್ ಇರುವುದು ತಳದಲ್ಲಿ, ಅದರ ಹುರುಪೆ ಕವಚದಷ್ಟು ಗಟ್ಟಿ. ಅಪಾಯವಿರುವುದು ಒಂದೇ ಕ್ಷಣದಲ್ಲಿ: ಬಿಚಿರ್ ಆಗಾಗ ಮೇಲೆ ಬಂದು ಗಾಳಿ ನುಂಗಿ ಹೋಗುತ್ತದೆ, ಆಗ ಅದು ಅರೋವಾನಾದ ಬಾಯಿಯ ಮುಂದೆಯೇ ಹಾದುಹೋಗಬೇಕು. ಅದಕ್ಕಾಗಿ ನಾನು ಹತ್ತಿಂಚಿಗೆ ಕಡಿಮೆಯ ಬಿಚಿರ್ ತರಲಿಲ್ಲ, ಮತ್ತು ಎಡಮೂಲೆಯಲ್ಲಿ ನೀರಿನ ಮಟ್ಟಕ್ಕೆ ತಾಗುವ ಒಂದು ಮರದ ಬೇರನ್ನು ನಿಲ್ಲಿಸಿದೆ. ಒಂದು ವಾರದಲ್ಲಿ ಎರಡೂ ಆ ಬೇರಿನ ಹಿಂದಿನಿಂದಲೇ ಮೇಲೆ ಹೋಗುವುದನ್ನು ಕಲಿತವು. ಈ ಉಪಾಯವನ್ನು ನನಗೆ ಯಾರೂ ಹೇಳಿಕೊಟ್ಟದ್ದಲ್ಲ.

ಹಸಿದ ಅರೋವಾನಾ ಯಾವ ನಿಯಮವನ್ನೂ ಉಳಿಸುವುದಿಲ್ಲ. ಜೀವಂತ ಗೋಲ್ಡ್ ಫಿಶ್ ಕೊಡುವುದನ್ನು ನಾನು ಪೂರ್ತಿ ನಿಲ್ಲಿಸಿದೆ. ಅವುಗಳಲ್ಲಿರುವ ಥಯಾಮಿನೇಸ್ ಎಂಬ ಕಿಣ್ವ ಬಿ1 ಜೀವಸತ್ವವನ್ನು ನಾಶಮಾಡುತ್ತದೆಂದು ಎಕ್ಕೂರಿನ ಮೀನುಗಾರಿಕಾ ಕಾಲೇಜಿನಲ್ಲಿ ಓದಿದ ಗೆಳೆಯರೊಬ್ಬರು ವಿವರಿಸಿದರು. ಅದಕ್ಕಿಂತ ಹೆಚ್ಚಾಗಿ, ಈಜುವುದೆಲ್ಲ ಆಹಾರ ಎಂಬ ಪಾಠವನ್ನು ನಾವೇ ಅದಕ್ಕೆ ಕಲಿಸಿದಂತಾಗುತ್ತದೆ. ಈಗ ಮಲ್ಪೆಯಿಂದ ತಂದ ಸಿಗಡಿ ಮತ್ತು ಪೆಲೆಟ್ ಮಾತ್ರ. ಭೂತಾಯಿ ಮೀನನ್ನೂ ಕೊಟ್ಟು ನೋಡಿದೆ. ಎಣ್ಣೆ ನೀರಿನ ಮೇಲೆ ಪದರ ಕಟ್ಟಿತು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವುದರಿಂದ ಮೇ ತಿಂಗಳಲ್ಲಿಯೇ ಐದಾರು ಕಿಲೊ ಸಿಗಡಿ ಬಿಡಿಸಿ, ಪೊಟ್ಟಣ ಮಾಡಿ ಫ್ರೀಜರಿನಲ್ಲಿ ಇಡುತ್ತೇನೆ. ಅರೋವಾನಾಕ್ಕೆ ಬಲಬದಿಯಲ್ಲಿ, ಆಸ್ಕರಿಗೆ ಅದೇ ಹೊತ್ತಿಗೆ ಎಡಬದಿಯಲ್ಲಿ ಹಾಕಬೇಕು. ದೀಪ ಆರಿಸಿದ ಮೇಲೆ ಮುಕ್ಕಾಲು ಇಂಚಿನ ಪಿವಿಸಿ ಪೈಪನ್ನು ತಳಕ್ಕೆ ಇಳಿಸಿ ಅದರೊಳಗಿನಿಂದ ಬಿಚಿರ್‌ಗಳಿಗೆ ಸಣ್ಣ ತುಂಡುಗಳನ್ನು ಬಿಡುತ್ತೇನೆ. ಡಾಲರುಗಳಿಗೆ ಬಸಳೆ ಎಲೆ ಇಷ್ಟ.

ಇಷ್ಟು ದೊಡ್ಡ ಮೀನುಗಳ ಹೊಲಸಿನಿಂದ ನಮ್ಮ ಮುರಕಲ್ಲಿನ ಬಾವಿಯ ಮೆದು ನೀರು ಬೇಗ ಹುಳಿಯಾಗುತ್ತದೆ, ಮಳೆಗಾಲದಲ್ಲಂತೂ ಪಿಹೆಚ್ 6ಕ್ಕಿಂತ ಕೆಳಗಿಳಿದದ್ದೂ ಇದೆ. ಆಗ ಮೊದಲು ಕೆರಳುವುದು ಆಸ್ಕರ್, ಅದು ಡಾಲರುಗಳನ್ನು ಅಟ್ಟತೊಡಗುತ್ತದೆ. ಅಂಗಡಿಯ ಪುಡಿಗಳಿಗೆ ಹಣ ಸುರಿದು ಸಾಕಾಗಿ, ಅಡುಗೆಮನೆಯ ಮರುವಾಯಿ ಚಿಪ್ಪುಗಳನ್ನು ಕುದಿಸಿ, ಒಣಗಿಸಿ, ಎರಡು ಕಿಲೊದಷ್ಟನ್ನು ಬಲೆಚೀಲದಲ್ಲಿ ಕಟ್ಟಿ ಸಂಪಿನಲ್ಲಿ ಇಳಿಬಿಟ್ಟೆ. ಅಂದಿನಿಂದ ಪಿಹೆಚ್ 6.8ರ ಆಸುಪಾಸಿನಲ್ಲಿ ನಿಂತಿದೆ.

ಮಂಗಳೂರಿನ ಸ್ನೇಹಿತರು ಕಳೆದ ಮೇ ತಿಂಗಳಲ್ಲಿ, ಕೊಟ್ಟ ಮಾತಿನಂತೆ ಬಂದು ಒಂದು ಗಂಟೆ ಟ್ಯಾಂಕಿನ ಮುಂದೆ ಕುಳಿತರು. ಹೊರಡುವಾಗ ಡಾಲರುಗಳನ್ನು ಎಲ್ಲಿಂದ ತಂದದ್ದೆಂದು ಕೇಳಿ ಬರೆದುಕೊಂಡರು. ಅರೋವಾನಾ ಈಗ ಇಪ್ಪತ್ತೈದು ಇಂಚಿಗೆ ಬಂದಿದೆ, ತಿರುಗುವಾಗ ಬಾಲದ ತುದಿ ಗಾಜಿಗೆ ತಾಗುತ್ತದೆ. ಮುಂದಿನ ಮಳೆಗಾಲದೊಳಗೆ ಹಿತ್ತಿಲಿನ ಮಾಡಿನಡಿ ಹತ್ತಡಿ ಉದ್ದ, ಐದಡಿ ಅಗಲದ ಸಿಮೆಂಟ್ ತೊಟ್ಟಿ ಕಟ್ಟಿಸಲು ಮೇಸ್ತ್ರಿಗೆ ಮುಂಗಡ ಕೊಟ್ಟಿದ್ದೇನೆ. ಅಲ್ಲಿಯೂ ಡಾಲರುಗಳೇ ಮೊದಲು ಇಳಿಯುತ್ತವೆ.